ಕೂಸಿನ ಮಾತೂ ಟಿ.ವಿ.ಯ ಕೀರ್ತಿಯೂ

ಒಂದೂವರೆ ವರ್ಷದ ಕೂಸು ಜಾಹೀರಾತಿನ ಹಾಡು ಕೇಳಿಸಿದ್ದೇ ತಡ, ಬಾಯಿಗಿಟ್ಟ ತುತ್ತನ್ನೂ ಮರೆತು ಟಿ.ವಿ. ಮುಂದೆ ಹಾಜರಾಗುತ್ತದೆ. ಎರಡು ತುಂಬುವಷ್ಟರಲ್ಲಿ ಹತ್ತಾರು ಮಾತೂ ಆಡುತ್ತದೆ. ಈ ಎರಡಕ್ಕೂ ಗಂಟು ಹಾಕಿ, "ಎಲ್ಲಾ ಟಿ.ವಿ. ನೋಡೇ ಕಲ್ತದ ನೋಡ್ರಿ" ಎಂದು ಮನೆಮಂದಿ ತೀರ್ಪು ಕೊಟ್ಟುಬಿಡುತ್ತಾರೆ. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ಹಾದಿಯ ಗೊಬ್ಬೂರದಲ್ಲಿ ನಿಂತು ಯೋಚಿಸಿದರೆ, ಈ ಕೀರ್ತಿ ಟಿ.ವಿ.ಯ ಅಕ್ರಮ ಸಂಪಾದನೆ ಎಂದೇ ಹೇಳಬೇಕಾಗುತ್ತದೆ. ಸಾಕ್ಷಿ ಕೂಸಿನ ಬಾಯಲ್ಲೇ ಇದೆ. ಈ ಕಡೆಯ ಮಕ್ಕಳು ಅಜ್ಜನನ್ನು 'ಮುತ್ಯಾ' ಎನ್ನುತ್ತವೆ. ನಾಲಿಗೆ ತಿರುಗದಿದ್ದರೆ 'ತ್ಯಾ' ಎಂದಾದರೂ ಕೂಗುತ್ತವೆ. ಬೆಂಗಳೂರಿನಲ್ಲಿ ತಯಾರಾಗುವ ಧಾರಾವಾಹಿಗಳಲ್ಲಿ ತಾತನಿಗೇನೂ ಕೊರತೆಯಿಲ್ಲ, ಮುತ್ಯಾನಿಗೆ ಮಾತ್ರ ಪಾತ್ರ ಸಿಗುವುದು ಅಪರೂಪ. ಇನ್ನು ಎರಡು ವರ್ಷದ ಯಾವ ಕೂಸಿಗೂ ಅತ್ಯಂತ ಪ್ರಿಯವಾದ ಮಾತೆಂದರೆ ನಿರಾಕರಣೆ. ಅದು ಗೊಬ್ಬೂರದಲ್ಲಿ ಇವತ್ತಿಗೂ 'ಬ್ಯಾಡ' ಆಗಿಯೇ ಹೊರಬೀಳುತ್ತದೆ, ಅದೂ ತಟ್ಟೆಯನ್ನು ದೂಡುತ್ತಾ. ಟಿ.ವಿ.ಯೇ ಗುರುವಾಗಿದ್ದರೆ ಈ ಹೊತ್ತಿಗೆ ಅಲ್ಲಿನ ಕೂಸುಗಳು "ಬೇಡಮ್ಮಾ, ಹೊಟ್ಟೆ ತುಂಬಿದೆ" ಎಂದು ಮೈಸೂರಿನ ಮರ್ಯಾದೆಯಲ್ಲಿ ತಟ್ಟೆ ಹಿಂದಿರುಗಿಸುತ್ತಿದ್ದವು.

ಟಿ.ವಿ.ಗೆ ಕಾಲಾವಕಾಶ ಸಾಲಲಿಲ್ಲ ಎನ್ನುವಂತೆಯೂ ಇಲ್ಲ. ಈ ಜಿಲ್ಲೆಯಲ್ಲಿ ಅದಕ್ಕೆ ರಾಜಧಾನಿಗಿಂತ ಹಳೆಯ ನಂಟಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಎಂಬ ಉಪಗ್ರಹ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದಾಗ ಕರ್ನಾಟಕದಿಂದ ಸೇರಿದ್ದು ಗುಲಬರ್ಗಾ (ಈಗಿನ ಕಲಬುರಗಿ), ರಾಯಚೂರು, ವಿಜಾಪುರ ಜಿಲ್ಲೆಗಳು. ಅಮೆರಿಕದಿಂದ ಎರವಲು ತಂದ ಉಪಗ್ರಹ ಮೇಲೆ, ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯ ಹತ್ತಡಿ ಅಗಲದ ಆಂಟೆನಾ ಕೆಳಗೆ, ನಡುವೆ ನೆಲದ ಮೇಲೆ ಕೂತ ಇಡೀ ಊರು. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಕೇಂದ್ರ ಬಂತು. ಬೆಂಗಳೂರು 1981ರವರೆಗೆ ಕಾಯಬೇಕಾಯಿತು. ನಮ್ಮ ಭಾಗಕ್ಕೆ ಏನಾದರೂ ಮೊದಲು ಬಂದ ಉದಾಹರಣೆ ಬಹಳಿಲ್ಲವಾದ್ದರಿಂದ ಇದನ್ನು ತುಸು ಜೋರಾಗಿಯೇ ಹೇಳಿಕೊಳ್ಳಬಹುದು. ಆ ಪ್ರಯೋಗದವರು ಬೆಳಗಿನ ಮಕ್ಕಳ ಕಾರ್ಯಕ್ರಮ ಮಾಡಿದ್ದು 5ರಿಂದ 12 ವರ್ಷದವರಿಗಾಗಿ. ಒಂದು ಭಾಷೆಗೆ ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ, ಅದೂ ಶಾಲೆಯಲ್ಲಿ, ಮೇಷ್ಟ್ರ ಎದುರಿಗೆ. ತೊಟ್ಟಿಲ ಕೂಸಿಗೆ ಪಾಠ ಹೇಳುವ ದುರಾಸೆ ಉಪಗ್ರಹ ಎರವಲು ತಂದವರಿಗೂ ಇರಲಿಲ್ಲ. ಅರ್ಧ ಶತಮಾನ ಮಾತಾಡಿದ ಮೇಲೂ ಒಂದು 'ಬ್ಯಾಡ'ವನ್ನು 'ಬೇಡ' ಮಾಡಲಾಗದ ಗುರುವನ್ನು ಎಷ್ಟೆಂದು ಹೊಗಳುವುದು?

ಪ್ರಯೋಗಶಾಲೆಯವರೂ ಹೆಚ್ಚೂಕಡಿಮೆ ಇದನ್ನೇ ಕಂಡಿದ್ದಾರೆ. 2003ರಲ್ಲಿ ಸಿಯಾಟಲ್‌ನ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಮನುಷ್ಯರು ಕೂತು ಆಡಿಸಿದಾಗ ಅವು ಆ ಭಾಷೆಯ ಧ್ವನಿಭೇದಗಳನ್ನು ಹಿಡಿದವು. ಅದನ್ನೇ ಪರದೆಯ ಮೇಲೆ ತೋರಿಸಿದಾಗ ಏನೂ ಅಂಟಲಿಲ್ಲ. 2010ರಲ್ಲಿ ಜೂಡಿ ಡಿಲೋಚ್ ತಂಡ, ಕೂಸಿಗೆ ಮಾತು ಕಲಿಸುವುದಕ್ಕೆಂದೇ ಮಾರುತ್ತಿದ್ದ ಡಿವಿಡಿಯನ್ನು ಒಂದು ವರ್ಷದಿಂದ ಒಂದೂವರೆ ವರ್ಷದ ಮಕ್ಕಳ ಮೇಲೆ ಪರೀಕ್ಷಿಸಿತು. ತಿಂಗಳುದ್ದ ನೋಡಿದವೂ ನೋಡದೇ ಇದ್ದವೂ ಒಂದೇ ಮಟ್ಟದಲ್ಲಿದ್ದವು. ಡಿವಿಡಿಯಿಲ್ಲದೆ ತಂದೆತಾಯಿ ತಾವೇ ಹೇಳಿಕೊಟ್ಟ ಮಕ್ಕಳು ಮಾತ್ರ ಮುಂದಿದ್ದವು. ಎಲ್ಲಕ್ಕಿಂತ ಸೊಗಸಿನ ಸಂಗತಿ ಬೇರೆಯೇ ಇದೆ: ಆ ಡಿವಿಡಿ ಯಾರಿಗೆ ಹೆಚ್ಚು ಇಷ್ಟವಾಗಿತ್ತೋ ಆ ತಂದೆತಾಯಿಯೇ ತಮ್ಮ ಕೂಸು ಬಹಳ ಕಲಿತಿದೆ ಎಂದು ನಂಬಿದ್ದರು.

ಹಾಗಾದರೆ ಕೂಸಿಗೆ ಟಿ.ವಿ. ಮೇಲೆ ಅಷ್ಟು ಜೀವ ಯಾಕೆ? ಬಣ್ಣ, ಕುಣಿತ, ಸದ್ದು ಇದ್ದಲ್ಲಿ ಕಣ್ಣು ನೆಡುವುದು ದೊಡ್ಡವರಿಗೂ ಇರುವ ರೋಗ. ಆದರೆ ಆ ಪ್ರೀತಿ ಹುಟ್ಟಿಸುವ ಮಾತನ್ನು ಹತ್ತಿರದಿಂದ ನೋಡಿ. ಈ ಕಡೆ ಟಿ.ವಿ.ಯನ್ನು 'ಹಚ್ಚು'ತ್ತಾರೆ. ಕೂಸು ರಿಮೋಟನ್ನು ಎರಡೂ ಕೈಯಲ್ಲಿ ಎತ್ತಿ ತಂದು, ತುದಿಯನ್ನು ಒಂದು ಸಲ ಚೀಪಿ, ಆಯಿಯ, ಎಂದರೆ ಅಜ್ಜಿಯ, ಮಡಿಲಿಗೆ ಹಾಕಿ "ಅಚ್ಚು" ಎನ್ನುತ್ತದೆ. 'ನನ್ನನ್ನು ಹಚ್ಚು' ಎಂದು ಟಿ.ವಿ. ಎಂದೂ ಹೇಳಿದ್ದಿಲ್ಲ, ಹಚ್ಚುವ ಮೊದಲು ಅದಕ್ಕೆ ಬಾಯೇ ಇರುವುದಿಲ್ಲ. ಆ ಮಾತು ಬಂದದ್ದು ಮನೆಯವರಿಂದ, ಉಳಿದದ್ದು ಆಯಿ ಗುಂಡಿ ಒತ್ತಿದ್ದರಿಂದ. ಒಂದು ಶಬ್ದ ಆಡಿದರೆ ಲೋಕ ಅಲುಗುತ್ತದೆ ಎಂಬ ಅರಿವೇ ಭಾಷೆಯ ಬುಡ. ಅಂದರೆ ಟಿ.ವಿ. ಮೋಹದ ಮೊಟ್ಟಮೊದಲ ಮಾತೂ ಟಿ.ವಿ. ಪರವಾಗಿ ಸಾಕ್ಷಿ ಹೇಳುವುದಿಲ್ಲ.

ಈಗಿನ ರಿಮೋಟಿಗೆ ಕಿವಿ ಬಂದಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಬಂದಿದೆ, ಆದರೆ 'ಅಚ್ಚು' ಎಂದರೆ 'ಹಚ್ಚು' ಎಂದು ಊಹಿಸಿ, "ಊಟ ಮುಗಿಸು, ಆಮ್ಯಾಲ ಹಚ್ತೀನಿ" ಎಂದು ಚೌಕಾಶಿ ಮಾಡುವ ರಿಮೋಟು ಇನ್ನೂ ಅಂಗಡಿಗೆ ಬಂದಿಲ್ಲ. ಮುಂಬೈಗೋ ಪುಣೆಗೋ ದುಡಿಯಲು ಹೋದ ಅಪ್ಪ ಮೊಬೈಲಿನಲ್ಲಿ ಕಾಣುವುದೂ ಪರದೆಯೇ ಅಲ್ಲವೇ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ಆದರೆ ಆ ಪರದೆಯಲ್ಲಿ ಕೂಸು ಕೂಗಿದರೆ ಓಗೊಡುವವನಿದ್ದಾನೆ. ಅಂಥ ನೇರ ವಿಡಿಯೋ ಮಾತಿನಿಂದ ಎರಡು ವರ್ಷದ ಮಕ್ಕಳು ಹೊಸ ಕ್ರಿಯಾಪದ ಕಲಿತದ್ದೂ, ಮುದ್ರಿಸಿಟ್ಟ ವಿಡಿಯೋದಿಂದ ಕಲಿಯದಿದ್ದದ್ದೂ 2014ರ ಒಂದು ಅಧ್ಯಯನದಲ್ಲಿ ಕಂಡಿದೆ. ಮೂರು ದಾಟಿದ ಮೇಲೆ ಒಳ್ಳೆಯ ಕಾರ್ಯಕ್ರಮದಿಂದ ನಾಲ್ಕು ಶಬ್ದ ಸಿಗುತ್ತವೆ ಎಂಬುದನ್ನೂ ಒಪ್ಪೋಣ.

ಕೊನೆಗೆ ಉಳಿಯುವುದು ಎಲ್ಲಕ್ಕಿಂತ ನ್ಯಾಯವಾದ ತಕರಾರು: ತೊಗರಿ ರಾಶಿಯ ಕಾಲ, ಮನೆಯಲ್ಲಿ ಒಬ್ಬಳೇ ಹೆಂಗಸು, ಒಲೆ ಮೇಲೆ ಪಲ್ಯ; ಟಿ.ವಿ. ಹಚ್ಚದೆ ಕೂಸನ್ನು ಹಿಡಿಯುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡು ವರ್ಷದೊಳಗೆ ಪರದೆಯೇ ಬೇಡ, ಅಲ್ಲಿಂದ ನಾಲ್ಕರವರೆಗೆ ದಿನಕ್ಕೆ ಒಂದು ತಾಸು ಮೀರಬಾರದು ಎಂದಿತು. ಆ ತಾಸುಗಳಲ್ಲಿ ರೊಟ್ಟಿ ಬಡಿಯಲು ಅದೇನೂ ಆಳು ಕಳಿಸಿಲ್ಲ. ಆದ್ದರಿಂದ ಟಿ.ವಿ.ಯನ್ನು ಕೂಸು ಹಿಡಿಯುವ ಬಿಟ್ಟಿ ಆಳಾಗಿ ಇಟ್ಟುಕೊಂಡವರನ್ನು ಬೈಯುವಂತಿಲ್ಲ. ಆ ಆಳಿಗೆ ಮೇಷ್ಟ್ರ ಪಗಾರ ಕೊಡುವುದಕ್ಕಷ್ಟೇ ಆಕ್ಷೇಪ. ಕೂಸು ಮಾತು ಕಲಿತದ್ದಕ್ಕೆ ಯಾರಿಗಾದರೂ ಶಾಲು ಹೊದಿಸಲೇಬೇಕೆಂದಿದ್ದರೆ ಆಯಿಗೆ ಹೊದಿಸಿ. ಸಂಜೆ ಏಳರ ನಂತರ ಮಾತ್ರ ಹೋಗಬೇಡಿ, ಆಕೆಯ ಧಾರಾವಾಹಿ ಇರುತ್ತದೆ.