ಥಾರ್ ಯಜಮಾನರ ಮೇಲೆ ತಪ್ಪು ದೂರು

ಬೆಂಗಳೂರಿನ ಬಡಾವಣೆಗಳಲ್ಲಿ ಈಗ ಬೀದಿಗೊಬ್ಬರಾದರೂ ಸಿಗುವ ಥಾರ್ ಯಜಮಾನರನ್ನು ಗುರುತಿಸುವುದು ಕಷ್ಟವಲ್ಲ. ಗಾಡಿ ಹುಟ್ಟಿರುವುದು ಗುಡ್ಡ ಹತ್ತಲು. ಯಜಮಾನರು ಹತ್ತುವುದು ಗಾಡಿಯನ್ನು, ಅದೂ ಪಕ್ಕಕ್ಕೆ ಕೂರಿಸಿಕೊಂಡ ಕಬ್ಬಿಣದ ಮೆಟ್ಟಿಲಿನ ಮೇಲೆ ಕಾಲಿಟ್ಟು. ವಾರವೆಲ್ಲ ಮನೆಯಿಂದ ಟೆಕ್ ಪಾರ್ಕಿಗೆ, ಟೆಕ್ ಪಾರ್ಕಿನಿಂದ ಮನೆಗೆ. ಭಾನುವಾರ ಮಾತ್ರ ಬೆಳಕು ಹರಿಯುವ ಮೊದಲೇ ಎದ್ದು, ಕಪ್ಪು ಟೀ ಶರ್ಟು ತೊಟ್ಟು, ಬಿಡದಿಯ ತಟ್ಟೆ ಇಡ್ಲಿಯ ಮೇಲೆ ದಂಡಯಾತ್ರೆ. (ಈ ಕುಲದ ಹಿರಿಯ ಶಾಖೆಗೆ ಸೇರಿದ ಫಾರ್ಚೂನರ್ ಯಜಮಾನರಾದರೆ ಇಡ್ಲಿಯ ಜೊತೆಗೆ ಗಾಡಿಗೆ ತವರುಮನೆಯ ದರ್ಶನವೂ ಆಗುತ್ತದೆ, ಅದು ತಯಾರಾಗುವುದೇ ಬಿಡದಿಯಲ್ಲಿ.) ಗೇರಿನ ಪಕ್ಕದಲ್ಲಿ ಫೋರ್ ಎಚ್, ಫೋರ್ ಎಲ್ ಎಂದು ಬರೆದ ಇನ್ನೊಂದು ಲಿವರ್ ಉಂಟು. ಅದನ್ನು ಫೋರ್ ಎಲ್‌ಗೆ ಎಳೆದದ್ದು ಡೆಲಿವರಿಯ ದಿನ ಷೋರೂಮಿನ ಹುಡುಗ, ಅದೂ ನಿಂತ ಗಾಡಿಯಲ್ಲಿ. ಸ್ಟೆಪ್ನಿಯ ಮೇಲೆ ಹುಲಿಯೋ, ಮನೆದೇವರೋ, ಪುನೀತ್ ರಾಜ್‌ಕುಮಾರರೋ. ಮುಂದಿನ ಗಾಜಿನೊಳಗೆ ಕೆಂಪು ಹಳದಿ ಬಾವುಟ. ನೆತ್ತಿಯ ಮೇಲೆ ಕಾಡಿನ ಕತ್ತಲೆಗೆಂದು ಮಾಡಿದ ಲೈಟಿನ ಸಾಲು. ಅದು ಬೆಳಗುವುದು ಎದುರಿನ ಆಟೋದವನ ಕಣ್ಣನ್ನು.

ಇಂಥವರನ್ನು ಕಂಡರೆ ಊರಿಗೆ ಒಂದು ಬಗೆಯ ಸಿಟ್ಟು. ಸಿಟ್ಟು ನ್ಯಾಯವೇ. ಆದರೆ ಊರು ಸರಿಯಾದ ಮನುಷ್ಯನನ್ನು ಹಿಡಿದು ತಪ್ಪು ದೂರು ಬರೆಸುತ್ತಿದೆ ಎಂಬುದು ನನ್ನ ವಾದ. ಎಲ್ಲರೂ ಮೊದಲು ಹೇಳುವುದು ಗಾಡಿ ದೊಡ್ಡದು ಎಂದು. ಮೂರು ಬಾಗಿಲಿನ ಥಾರಿನ ಉದ್ದ 3,985 ಮಿಲಿಮೀಟರ್. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಬಟ್ಟೆ ಹೊದಿಸಿ ಕಾಪಾಡುವ ಹೋಂಡಾ ಸಿಟಿ ಅದಕ್ಕಿಂತ ಅರ್ಧ ಮೀಟರಿಗೂ ಹೆಚ್ಚು ಉದ್ದವಿದೆ. ಮ್ಯಾನೇಜರನ್ನು ಯಾರೂ ಬೈಯುವುದಿಲ್ಲ. ಕಟ್ಟಿನಹೊಳೆಯ ಕಡೆಯಿಂದ ಕೊಡಚಾದ್ರಿಗೆ ಜನ ತುಂಬಿಕೊಂಡು ಹತ್ತುವ ಹಳೆಯ ಜೀಪುಗಳು ಸದ್ದಿನಲ್ಲಾಗಲಿ ಹೊಗೆಯಲ್ಲಾಗಲಿ ಯಾವ ಥಾರಿಗೂ ಸೋಲುವುದಿಲ್ಲ. ಒಳಗಿದ್ದವರು ಒಬ್ಬರ ಪಕ್ಕೆಗೆ ಒಬ್ಬರ ಮೊಣಕೈ ತಿವಿಸಿಕೊಂಡು, ಮೂಕಾಂಬಿಕೆಯನ್ನೂ ಡ್ರೈವರನ್ನೂ ಸಮನಾಗಿ ನೆನೆಯುತ್ತ ಹೋಗುತ್ತಾರೆ. ಇಳಿದ ಮೇಲೆ ಡ್ರೈವರಿಗೆ ಕೈ ಮುಗಿಯುವವರೂ ಇದ್ದಾರೆ. ಸಕಲೇಶಪುರದ ತೋಟದ ಸಾಹುಕಾರರ ಜೀಪಿನಲ್ಲಿ ಗೊಬ್ಬರದ ಮೂಟೆ, ಕಾಫಿ ಚೀಲ, ನಾಯಿ, ನಡುರಾತ್ರಿ ಹೆರಿಗೆನೋವು ಬಂದ ಹೆಂಗಸು, ಎಲ್ಲರೂ ಹೋಗಿದ್ದಾರೆ. ಅದನ್ನು ಕಂಡು ಹಲ್ಲು ಕಡಿದವರಿಲ್ಲ. ಅಲ್ಲಿಗೆ ಗಾತ್ರದ ಮಾತು ಬಿದ್ದುಹೋಯಿತು. ಇನ್ನು ಉಳಿದದ್ದು ಭಯ, ಅದಕ್ಕೆ ಚರಿತ್ರೆಯೇ ಇದೆ. ಥಾರ್ ತಯಾರಿಸುವ ಮಹೀಂದ್ರದವರು ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸಲು ತೊಡಗಿದ್ದು 1947ರಲ್ಲಿ. ಅಲ್ಲಿಂದ ಎಷ್ಟೋ ದಶಕ ಹಳ್ಳಿಗೆ ಜೀಪು ಬಂತೆಂದರೆ ಸರ್ಕಾರವೇ ಬಂದ ಹಾಗೆ: ತಹಶೀಲ್ದಾರರು, ಪೊಲೀಸರು, ಫಾರೆಸ್ಟಿನವರು, ಸಾಲ ವಸೂಲಿಯವರು. ಎತ್ತರದ ಮೂತಿ ಕಂಡ ಕೂಡಲೇ ಬದಿಗೆ ಸರಿಯುವ ಅಭ್ಯಾಸ ನಮ್ಮ ಕಾಲಿಗೆ ಆಗಿನಿಂದ ಅಂಟಿದೆ. ಥಾರ್ ಯಜಮಾನರು ದುಡ್ಡು ಕೊಟ್ಟು ಕೊಂಡದ್ದು ನಮ್ಮ ಈ ಅಭ್ಯಾಸವನ್ನು. ಇಂಜಿನ್ನು ಅದರ ಜೊತೆಗೆ ಬಂತು. ಸರ್ಕಾರಿ ಜೀಪಿಗೆ ದಾರಿ ಬಿಟ್ಟರೆ ಕಂದಾಯ ಬಾಕಿಯ ಪಾಪಕ್ಕೆ ಬಿಟ್ಟ ಹಾಗಾಯಿತು. ಇವರಿಗೆ ಯಾವ ಪಾಪಕ್ಕೆ ಬಿಡಬೇಕು ಎಂದು ಜನ ಕೇಳಿದರೆ ತಪ್ಪೇನಿಲ್ಲ.

ಕೇಳುವುದು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು, ನಿಲ್ಲಲಿಲ್ಲ. 2025ರ ನವೆಂಬರಿನಲ್ಲಿ ಹರಿಯಾಣದ ಪೊಲೀಸ್ ಮುಖ್ಯಸ್ಥರು ಪತ್ರಕರ್ತರ ಮುಂದೆ, ಎಲ್ಲ ಗಾಡಿಗಳನ್ನೂ ತಡೆಯಲಾಗುವುದಿಲ್ಲ, ಆದರೆ ಥಾರ್ ಮತ್ತು ಬುಲೆಟ್ ಬಂದರೆ ಬಿಡುವುದಾದರೂ ಹೇಗೆ ಎಂಬ ಅರ್ಥದ ಮಾತಾಡಿದರು. ದೇಶವೆಲ್ಲ ಮೊಬೈಲಿನಲ್ಲಿ ನೋಡಿ ನಕ್ಕಿತು. ನಮ್ಮವರೂ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ, ಭಾವಮೈದುನನಿಗೆ ತಲುಪಿತೇ ಎಂದು ಎರಡು ನೀಲಿ ಗೀಟಿಗಾಗಿ ಕಾದರು. ಆದರೆ ಥಾರ್ ಓಡಿಸುವವನು ಪುಂಡ ಎಂಬ ಈ ದೂರು ಪುರಾವೆಯ ಮುಂದೆ ನಿಲ್ಲುವುದು ಕಷ್ಟ. ನಮ್ಮ ಯಜಮಾನರು ಸಾಮಾನ್ಯವಾಗಿ ಏಳು ವರ್ಷದ ಸಾಲ ತೆಗೆದ ಸಂಬಳದಾರರು. ತಿಂಗಳ ಐದನೇ ತಾರೀಖು ಬ್ಯಾಂಕಿನ ಮೆಸೇಜು ಬಂದ ಹೊತ್ತಿನಲ್ಲಿ ನೋಡಬೇಕು, ಅಷ್ಟು ವಿನಯವಂತರು ಇನ್ನೆಲ್ಲೂ ಸಿಗುವುದಿಲ್ಲ. 2023ರ ಜನವರಿಯಲ್ಲಿ ಕಂಪನಿಯವರು ಹಿಂದಿನ ಎರಡೇ ಚಕ್ರ ಎಳೆಯುವ ಥಾರನ್ನು 9.99 ಲಕ್ಷದಿಂದ ಆರಂಭಿಸಿ ಮಾರುಕಟ್ಟೆಗೆ ಬಿಟ್ಟರು. ಅದರಲ್ಲಿ ಆ ಎರಡನೇ ಲಿವರ್ ಹೆಸರಿಗೂ ಇಲ್ಲ. ಗುಡ್ಡ ಹತ್ತದ ಜೀಪನ್ನು ಯಾರು ಕೊಂಡಾರು ಎಂದರೆ, ಗುಡ್ಡದ ಯೋಚನೆಯೇ ಇಲ್ಲದ ಪ್ರಾಮಾಣಿಕರು ಕೊಳ್ಳುತ್ತಾರೆ. ಇದು ಜಂಬವಲ್ಲವೇ ಎಂದು ಕೇಳಬಹುದು. ಜಂಬವೇ. ಆದರೆ ಜಂಬಕ್ಕೆ ದಂಡ ಹಾಕಲು ಹೊರಟರೆ ಮೊದಲು ಮದುವೆ ಛತ್ರಗಳಿಗೆ ಬೀಗ ಬೀಳಬೇಕು, ಆಮೇಲೆ ಗೃಹಪ್ರವೇಶಗಳಿಗೆ. ಥಾರಿನ ಸರದಿ ಬರುವಷ್ಟರಲ್ಲಿ ಅದರ ಸಾಲವೂ ತೀರಿರುತ್ತದೆ.

ಎಲ್ಲಕ್ಕಿಂತ ಜನಪ್ರಿಯವಾದ ಚುಚ್ಚುಮಾತು ‘ಗುಡ್ಡಕ್ಕೆ ಹೋಗದವನಿಗೆ ಇದ್ಯಾಕಪ್ಪಾ?’ ಎಂಬುದು. ದಯವಿಟ್ಟು ಅದನ್ನು ಯಜಮಾನರ ಕಿವಿಗೆ ಬೀಳುವಂತೆ ಆಡಬೇಡಿ. ಆಡಿದರೆ ಹೋಗಿಬಿಡುತ್ತಾರೆ. ಶುಕ್ರವಾರ ರಜೆ ಸೇರಿದ ಮೂರು ದಿನ ಸಿಕ್ಕರೆ ಸಾಕು, ಹಾಸನ ದಾಟಿದ ಮೇಲೆ ಒಂದೇ ಬಣ್ಣದ, ಒಂದೇ ಎತ್ತರದ ಗಾಡಿಗಳ ದಿಬ್ಬಣ. ಊರವರು ಕುಡಿಯಲು ನೀರು ತರುವ ಹಳ್ಳದೊಳಗೆ ಗಾಡಿ ಇಳಿಸಿ, ನೀರು ಎರಡಾಳೆತ್ತರ ಚಿಮ್ಮಿಸಿ, ಒಬ್ಬರು ದಡದಲ್ಲಿ ನಿಂತು ರೀಲ್ ಮಾಡುತ್ತಾರೆ. ಸರಿಯಾಗಿ ಬರಲಿಲ್ಲವೆಂದು ಮತ್ತೆ ಇಳಿಸುತ್ತಾರೆ. ಶೋಲಾ ಕಾಡಿನ ನೆತ್ತಿಯ ಹುಲ್ಲುಗಾವಲಿನ ಮೇಲೆ ಮಡ್ ಟೈರು ಕೊರೆದ ಗೆರೆ ಮೊದಲ ಮಳೆಗೆ ಕಾಲುವೆಯಾಗುತ್ತದೆ, ಮೂರನೆಯ ಮಳೆಗೆ ಕೊರಕಲು. ಮಣ್ಣು ಕೆಳಗಿನ ಗದ್ದೆಗೆ ಬರುತ್ತದೆ. ಕೊನೆಗೆ ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಯಲು ಬರುವುದು ಅದೇ ಊರಿನ ಹಳೆಯ ಟ್ರ್ಯಾಕ್ಟರು, ಬಾಡಿಗೆಗೆ. ಆದ್ದರಿಂದ ಗುಡ್ಡಕ್ಕೆ ಹೋಗದ ಥಾರ್ ಯಜಮಾನರು ಪಶ್ಚಿಮಘಟ್ಟಕ್ಕೆ ಸದ್ದಿಲ್ಲದೆ ಉಪಕಾರ ಮಾಡುತ್ತಿರುವವರು. ಅವರನ್ನು ಹೋಗಲಿಲ್ಲವೆಂದು ಹಂಗಿಸುವುದು ನಮಗೇ ನಷ್ಟ.

ಹಂಗಿಸುವವರ ಬಗ್ಗೆಯೂ ಒಂದು ಮಾತು ಹೇಳಬೇಕು. 2024-25ರಲ್ಲಿ ದೇಶದಲ್ಲಿ ಸುಮಾರು 43 ಲಕ್ಷ ಪ್ರಯಾಣಿಕ ವಾಹನಗಳು ಮಾರಾಟವಾದವು. ತಯಾರಕರ ಸಂಘದ ಲೆಕ್ಕದಲ್ಲಿ ಅವುಗಳಲ್ಲಿ ನೂರಕ್ಕೆ 65 ಎಸ್‌ಯುವಿಯಂಥ ಯುಟಿಲಿಟಿ ವಾಹನಗಳು. ಎಲ್ಲವೂ ಥಾರಿನಷ್ಟು ಗಡುಸಲ್ಲ ನಿಜ, ಎಷ್ಟೋ ಗಾಡಿಗಳು ಹಳೆಯ ಕಾರಿಗೇ ಎತ್ತರದ ಚಪ್ಪಲಿ ತೊಡಿಸಿದಂಥವು. ಆದರೂ ಇಷ್ಟೊಂದು ಜನ ಕೊಳ್ಳುತ್ತಿದ್ದಾರೆಂದರೆ, ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುತ್ತ ಇವರನ್ನು ಆಡಿಕೊಳ್ಳುವ ಇಬ್ಬರಲ್ಲಿ ಒಬ್ಬರ ಜೇಬಿನಲ್ಲಿ ಬುಕಿಂಗ್ ರಸೀದಿ ಇದೆ ಎಂದೇ ತಿಳಿಯಬೇಕು. ಈ ತಿರಸ್ಕಾರದಲ್ಲಿ ಒಂದು ಪಾಲು ಕಾಯುವ ಪಟ್ಟಿಯಲ್ಲಿ ಕೂತವರ ಅಸಹನೆ.

ಹಾಗಾದರೆ ಸರಿಯಾದ ದೂರು ಯಾವುದು? ಅದು ಇರುವುದು ಬಾನೆಟ್ಟಿನ ಎತ್ತರದಲ್ಲಿ. ಮಾಮೂಲಿ ಕಾರು ಡಿಕ್ಕಿ ಹೊಡೆದರೆ ಮನುಷ್ಯನ ಕಾಲಿಗೆ ತಾಗುತ್ತದೆ, ಅವನು ಬಾನೆಟ್ಟಿನ ಮೇಲೆ ಬೀಳುತ್ತಾನೆ. ಎತ್ತರದ, ಗೋಡೆಯಂತೆ ನೆಟ್ಟಗಿರುವ ಮೂತಿ ಎದೆಗೆ, ಸೊಂಟಕ್ಕೆ, ಮಗುವಾದರೆ ತಲೆಗೇ ತಾಗಿ ಕೆಳಗೆ ಕೆಡವುತ್ತದೆ. ಅಮೆರಿಕದಲ್ಲಿ ಹೆದ್ದಾರಿ ಸುರಕ್ಷತೆಗೆಂದು ವಿಮಾ ಕಂಪನಿಗಳು ನಡೆಸುವ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 40 ಇಂಚಿಗಿಂತ ಎತ್ತರದ ಬಾನೆಟ್ಟಿನ ಗಾಡಿ ಪಾದಚಾರಿಗೆ ಡಿಕ್ಕಿ ಹೊಡೆದರೆ, ತಗ್ಗಿನ ಇಳಿಜಾರು ಬಾನೆಟ್ಟಿನ ಗಾಡಿಗೆ ಹೋಲಿಸಿದಾಗ ಸಾವಿನ ಸಂಭವ ಸುಮಾರು 45 ಪ್ರತಿಶತ ಹೆಚ್ಚು. ಅದು ಅಮೆರಿಕ, ಅಲ್ಲಿ ಬೀದಿಯಲ್ಲಿ ನಡೆಯುವವರು ಕಡಿಮೆ. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ ನಲವತ್ನಾಲ್ಕಕ್ಕೂ ಹೆಚ್ಚು ದ್ವಿಚಕ್ರದವರು, ಹತ್ತೊಂಬತ್ತಕ್ಕೂ ಹೆಚ್ಚು ನಡೆದುಹೋಗುತ್ತಿದ್ದವರು. ಸತ್ತವರಲ್ಲಿ ಹೆಚ್ಚಿನವರ ಸುತ್ತ ತಗಡಿನ ಹೊದಿಕೆಯೇ ಇರಲಿಲ್ಲ. ಯಜಮಾನರನ್ನು ಕೇಳಿದರೆ, ಹೆಂಡತಿ ಮಕ್ಕಳ ಸುರಕ್ಷತೆಗಾಗಿ ತಗೊಂಡೆ ಎನ್ನುತ್ತಾರೆ, ಕ್ರ್ಯಾಷ್ ಟೆಸ್ಟಿನ ನಕ್ಷತ್ರ ಎಣಿಸಿ ತೋರಿಸುತ್ತಾರೆ. ಸುಳ್ಳಲ್ಲ. ಆದರೆ ಆ ನಕ್ಷತ್ರಗಳು ಎಣಿಸುವುದು ಒಳಗೆ ಕೂತ ದೊಡ್ಡವರನ್ನು, ಒಳಗೆ ಕೂತ ಮಕ್ಕಳನ್ನು. ಒಳಗಿನವರ ಧೈರ್ಯಕ್ಕೆ ಹೊರಗಿನವರ ಖಾತೆಯಿಂದ ದುಡ್ಡು ಕಡಿತವಾಗುತ್ತಿದೆ, ಒಂದು ಮೆಸೇಜೂ ಬರುವುದಿಲ್ಲ. ಅದರ ಮೇಲೆ ಮುಂದೆ ಒಂದು ಬುಲ್ ಬಾರ್. ಎಮ್ಮೆ, ಕಾಡುಕೋಣ ಅಡ್ಡ ಬಂದಾವೆಂದು ಮಾಡಿದ ಆ ಕಬ್ಬಿಣ ರಾಜಾಜಿನಗರದಲ್ಲಿ ಕಾಯುತ್ತಿರುವುದು ಯಾವ ಕಾಡುಕೋಣಕ್ಕೆ? ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಎದುರಿನವನ ಮೂಳೆಯ ಮಾತು ಹಾಗಿರಲಿ, ಆ ಕಬ್ಬಿಣದಿಂದ ಯಜಮಾನರದೇ ಏರ್‌ಬ್ಯಾಗಿನ ಸೆನ್ಸರಿಗೂ ಲೆಕ್ಕ ತಪ್ಪಬಹುದು.

ಬಸ್ಸು ಲಾರಿಗಳ ಮೂತಿ ಇನ್ನೂ ಎತ್ತರವಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಹೌದು, ಅವೂ ಕೊಲ್ಲುತ್ತವೆ. ಆದರೆ ಬಿಎಂಟಿಸಿ ಬಸ್ಸು ಐವತ್ತು ಜನರನ್ನು ಹೊತ್ತು ತನ್ನ ಮಾರ್ಗದಲ್ಲಿ ಹೋಗುತ್ತದೆ, ಕೊತ್ತಂಬರಿ ಸೊಪ್ಪಿಗಾಗಿ ಇಪ್ಪತ್ತು ಅಡಿಯ ಅಡ್ಡರಸ್ತೆಗೆ ನುಗ್ಗುವುದಿಲ್ಲ. ಯಜಮಾನರ ಕೈಯಲ್ಲಿರುವ ನಿಜವಾದ ಬ್ರಹ್ಮಾಸ್ತ್ರ ಬೇರೆ: ‘ನಮ್ಮ ರೋಡ್ ನೋಡಿ ಸಾರ್, ಇಲ್ಲಿ ಇನ್ನೇನು ಓಡಿಸೋದು?’ ಇದಕ್ಕೆ ಥಟ್ಟನೆ ಉತ್ತರ ಹೇಳಲಾಗದು. ಬೆಂಗಳೂರಿನ ಒಂದು ಪಾಲಿಕೆ 2025ರಲ್ಲಿ ಐದಾಯಿತು. ಗುಂಡಿಗಳೂ ಅಣ್ಣತಮ್ಮಂದಿರ ಹಾಗೆ ಪಾಲು ಹಂಚಿಕೊಂಡು ಆಯಾ ಪಾಲಿಕೆಯಲ್ಲಿ ಸುಖವಾಗಿವೆ. ಆದರೆ ಅದೇ ಗುಂಡಿಯಲ್ಲಿ ಹಿಂದೆ ಮಗುವನ್ನು ಕೂರಿಸಿಕೊಂಡ ಆಕ್ಟಿವಾ ಇಳಿದು ಏಳುತ್ತದೆ, ಅಂಬ್ಯುಲೆನ್ಸೂ ಇಳಿದು ಏಳುತ್ತದೆ. ಇನ್ನು ನೀರಿನ ಮಾತು. 2022ರ ಸೆಪ್ಟೆಂಬರಿನ ಮಳೆಗೆ ಸರ್ಜಾಪುರ ರಸ್ತೆ, ಯಮಲೂರಿನ ಕಡೆಯ ಸಿರಿವಂತ ಬಡಾವಣೆಗಳು ಮುಳುಗಿದಾಗ, ಎಲ್ಲ ಬಗೆಯ ದುಬಾರಿ ಗಾಡಿಗಳೂ ಮನೆಯ ಮುಂದೆ ನೀರು ಕುಡಿಯುತ್ತ ನಿಂತಿದ್ದವು. ಕಂಪನಿಯ ದೊಡ್ಡವರು ಲ್ಯಾಪ್‌ಟಾಪು ತಬ್ಬಿಕೊಂಡು ಹೊರಬಂದದ್ದು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಇದು: ಊರಿನಲ್ಲಿ ಯಾರು ಫೋನ್ ಮಾಡಿದರೆ ಇಂಜಿನಿಯರು ಎತ್ತುತ್ತಾರೋ, ಯಾರಿಗೆ ಶಾಸಕರ ಮನೆಯಲ್ಲಿ ಕುರ್ಚಿ ಸಿಗುತ್ತದೋ, ಅವರೇ ಒಬ್ಬೊಬ್ಬರಾಗಿ ಗುಂಡಿ ಗೊತ್ತಾಗದ ಗಾಡಿಗೆ ಹತ್ತಿ ಕೂತಿದ್ದಾರೆ. ಬೆನ್ನು ನೋಯದ ಮೇಲೆ ದೂರು ಕೊಡುವವರು ಯಾರು? ಕೆಟ್ಟ ರಸ್ತೆಯಿಂದ ದೊಡ್ಡ ಗಾಡಿ ಬಂತೆಂದು ಯಜಮಾನರು ಹೇಳುತ್ತಾರೆ. ದೊಡ್ಡ ಗಾಡಿ ಬಂದದ್ದರಿಂದ ರಸ್ತೆ ಕೆಟ್ಟೇ ಉಳಿಯುತ್ತಿದೆ ಎಂಬುದೂ ಅಷ್ಟೇ ನಿಜ.

ಅಷ್ಟೊಂದು ತೆರಿಗೆ ಕಟ್ಟಿದ್ದೇನೆ ಎನ್ನುವುದು ಅವರ ಕೊನೆಯ ಮಾತು. ಕಟ್ಟಿದ್ದಾರೆ, ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲೇ ಹಗುರವಾದದ್ದೇನಲ್ಲ. ಆದರೆ ಅದನ್ನು ಲೆಕ್ಕ ಹಾಕುವುದು ಗಾಡಿಯ ಬೆಲೆಯ ಮೇಲೆ. ಗಾಡಿ ಎಷ್ಟು ತೂಗುತ್ತದೆ, ಎಷ್ಟು ಬೀದಿ ನುಂಗುತ್ತದೆ ಎಂದು ಅದು ಕೇಳುವುದಿಲ್ಲ. ಪ್ಯಾರಿಸ್ಸಿನವರು 2024ರ ಫೆಬ್ರವರಿಯಲ್ಲಿ ಈ ಪ್ರಶ್ನೆಯನ್ನು ಮತಕ್ಕೆ ಹಾಕಿ, ಭಾರೀ ಗಾಡಿಗಳ ನಿಲುಗಡೆ ಶುಲ್ಕವನ್ನು ಮೂರು ಪಟ್ಟು ಮಾಡಿದರು, ನಗರದ ನಡುವೆ ಗಂಟೆಗೆ 18 ಯೂರೋ. ಮತ ಹಾಕಲು ಬಂದವರು ನೂರಕ್ಕೆ ಆರು ಜನವೂ ಇಲ್ಲ, ಶುಲ್ಕ ಹೊರಗಿನಿಂದ ಬರುವವರಿಗೆ, ಊರಿನವರಿಗೆ ತಮ್ಮ ವಠಾರದಲ್ಲಿ ವಿನಾಯಿತಿ. ಮನುಷ್ಯಸ್ವಭಾವ ಅಲ್ಲೂ ಇಲ್ಲೂ ಒಂದೇ. ಆದರೂ ಅವರು ಕೇಳಿದ್ದು ಸರಿಯಾದ ಪ್ರಶ್ನೆ: ಗಾಡಿ ಎಷ್ಟು ತೂಕ, ಎಲ್ಲಿ ನಿಂತಿದೆ. ನಮ್ಮಲ್ಲಿ ಬಹಳಷ್ಟು ಬೀದಿಗಳಲ್ಲಿ ಗಂಟೆಗೆ ಒಂದು ರೂಪಾಯಿಯೂ ಇಲ್ಲ, ಫುಟ್‌ಪಾತು ಪೂರ್ತಿ ಉಚಿತ. ಆದ್ದರಿಂದ ಯಜಮಾನರೇ, ಊರು ನಿಮ್ಮ ಜಂಬದ ಬಗ್ಗೆ ಏನೇ ಆಡಿಕೊಂಡರೂ ಕಿವಿಗೆ ಹಾಕಿಕೊಳ್ಳಬೇಡಿ, ಗುಡ್ಡಕ್ಕಂತೂ ಹೋಗಲೇಬೇಡಿ. ಎರಡು ಚಕ್ರವನ್ನು ಫುಟ್‌ಪಾತಿನಿಂದ ಇಳಿಸಿ, ಮುಂದಿನ ಆ ಕಬ್ಬಿಣ ಬಿಚ್ಚಿಸಿ. ಗ್ಯಾರೇಜಿನವನಿಗೆ ಅದು ನಾಲ್ಕು ಬೋಲ್ಟಿನ ಕೆಲಸ.