ಹಿಂದಿನ ಚಕ್ರದ ಅರ್ಥಧಾರಿ

ಅಕ್ಕನ ಮನೆಗೆ ಹೋದವರಿಗೆ ಮೊದಲು ಬೆಲ್ಲ-ನೀರು, ಆಮೇಲೆ ಟೈರು. ಬೆಲ್ಲ-ನೀರು ಬೇಡ ಎಂದರೆ ನಡೆಯುತ್ತದೆ.

ಬಂಟ್ವಾಳ ತಾಲೂಕಿನ ವಾಮದಪದವಿನ ಹತ್ತಿರ ಅವರ ಮನೆ. ಭಾವ ಬೆಂಗಳೂರಿನ ಕಂಪೆನಿಯೊಂದರ ಇಂಜಿನಿಯರು. 2020ರ ಲಾಕ್‌ಡೌನಿಗೆ ಲ್ಯಾಪ್‌ಟಾಪು ಹಿಡಿದುಕೊಂಡು ಊರಿಗೆ ಬಂದವರು ತಿರುಗಿ ಹೋಗಲಿಲ್ಲ. ಹಾಗೆ ಬಂದವರಲ್ಲಿ ಕೆಲವರು ಜೇನು ಸಾಕಿದರು, ಕೆಲವರು ಡ್ರ್ಯಾಗನ್ ಹಣ್ಣು ನೆಟ್ಟರು; ಭಾವ ಗುಡ್ಡ ಹತ್ತುವ ಸೈಕಲ್ ತೆಗೆದರು. ಅದರ ಕ್ರಯ ಅಕ್ಕನಿಗೆ ಹೇಳುವಾಗ ಕೊನೆಯ ಸೊನ್ನೆಯೊಂದನ್ನು ನುಂಗಿದ್ದಾರೆ. ಅದು ನನಗೆ ಗೊತ್ತು. ನನಗೆ ಗೊತ್ತಿರುವುದು ಅವರಿಗೂ ಗೊತ್ತು. ನಾನು ಮೂಡುಬಿದಿರೆಯಿಂದ ಊಟಕ್ಕೆ ಹೋದಾಗಲೆಲ್ಲ ಭಾವ ತಾವೇ ಎದ್ದುಬಂದು ನನ್ನ ಎಲೆಗೆ ಹೋಳಿಗೆಯೊಂದನ್ನು ಹೆಚ್ಚು ಬಡಿಸುವುದು ಅದಕ್ಕೇ.

ಮೊದಲ ವರ್ಷ ಸೈಕಲ್ ಬಿಟ್ಟದ್ದು ಹೌದು, ಸುಳ್ಳು ಹೇಳಬಾರದು. ಕಾರಿಂಜದ ಬುಡದ ತನಕ, ಪುಂಜಾಲಕಟ್ಟೆ ದಾಟಿ ಮಡಂತ್ಯಾರಿನ ತನಕ, ರಸ್ತೆ ಬಿಟ್ಟು ಅಡಿಕೆ ತೋಟಗಳ ನಡುವಿನ ಕಾಲುಹಾದಿಯಲ್ಲೂ ಬಿಟ್ಟಿದ್ದಾರೆ. ಆಮೇಲೆ ಹಿಂದಿನ ಟೈರಿನ ಹಲ್ಲು ಸವೆಯಿತು. ಮೊದಲು ಸವೆಯುವುದು ಹಿಂದಿನದೇ. ಕೂತವನ ಭಾರದಲ್ಲಿ ಹೆಚ್ಚಿನ ಪಾಲು ಅದರ ಮೇಲೆ, ಚೈನು ಎಳೆಯುವುದೂ ಅದನ್ನೇ. ಅಂದಿನಿಂದ ಸೈಕಲ್ಲು ಚಾವಡಿಯ ಗೋಡೆಗೆ ಒರಗಿತು, ಭಾವ ಈಸಿಚೇರಿಗೆ.

"ಬೇರೆ ಟೈರು ಹಾಕಿದರಾಯ್ತಲ್ಲ ಭಾವ?" ಎಂದೆ. ಬಾಯಿ ತಪ್ಪಿ ಬಂದ ಮಾತು. ನಮ್ಮಲ್ಲಿ ಅವರು ನನಗೂ ಭಾವ, ನಾನು ಅವರಿಗೂ ಭಾವ. ಆದರೆ ಅವರು ಆ ದಿನ ನೋಡಿದ ನೋಟಕ್ಕೆ ಸಂಬಂಧವೇ ಹರಿದುಹೋಗಬೇಕಿತ್ತು.

"ಯಾವುದು?" ಎಂದರು.

ಆ ಒಂದು ಪದಕ್ಕೆ ಉತ್ತರ ಹುಡುಕುವುದರಲ್ಲಿ ಮೂರು ಮಳೆಗಾಲ ಕಳೆದವು.

ಇಂಥವರು ನಮ್ಮ ಜಿಲ್ಲೆಯಲ್ಲಿ ಧಾರಾಳ ಇದ್ದಾರೆ. ಒಬ್ಬರು ಬೋರಿಗೆ ಯಾವ ಪಂಪು ಇಳಿಸಬೇಕೆಂದು ವಿಚಾರಿಸುತ್ತಲೇ ಇರುತ್ತಾರೆ, ಅಷ್ಟರಲ್ಲಿ ಬೋರೇ ಬತ್ತುತ್ತದೆ. ಇನ್ನೊಬ್ಬರು ಮಗಳ ಮದುವೆಗೆ ಯಾವ ಹಾಲ್ ಒಳ್ಳೆಯದೆಂದು ಮೊಮ್ಮಗಳಿಗೆ ಕಿವಿ ಚುಚ್ಚುವವರೆಗೂ ಚರ್ಚಿಸುತ್ತಾರೆ. ತಪ್ಪು ಅವರದಲ್ಲ. ಇದು ತಾಳಮದ್ದಳೆಯ ಊರು. ವೇಷವಿಲ್ಲ, ಗೆಜ್ಜೆಯಿಲ್ಲ, ಕೂತಲ್ಲಿಂದ ಏಳದೆ ಕುರುಕ್ಷೇತ್ರ ಮುಗಿಸಿ, ಬೆಳಗ್ಗೆ ಅವಲಕ್ಕಿ ತಿಂದು ಮನೆಗೆ ಹೋಗುವ ಜನ ನಾವು. ಭಾವ ಕೂತಲ್ಲಿಯೇ ಗುಡ್ಡ ಹತ್ತಿ ಇಳಿಯುತ್ತಾರೆ, ಅಷ್ಟೆ.

ಅವರ ಪೀಠಿಕೆ ಹೀಗೆ: "ನೋಡು ಭಾವ, ಮುಂದಿನ ಟೈರು ಮುಮ್ಮೇಳ. ಅದಕ್ಕೆ ಹಿಡಿತ ಒಂದಿದ್ದರೆ ಸಾಕು, ಕಣ್ಣುಮುಚ್ಚಿ ದಪ್ಪದ್ದು ಹಾಕಬಹುದು. ಹಿಂದಿನದು ಹಿಮ್ಮೇಳ. ಭಾಗವತರು ತಪ್ಪಿದರೆ ವೇಷ ಎಷ್ಟು ಕುಣಿದು ಎಂತ ಪ್ರಯೋಜನ?" ಹಿಂದಿನದು ಹಗುರವಾಗಿ ಉರುಳಬೇಕು, ಏರಿನಲ್ಲಿ ಕಚ್ಚಬೇಕು, ಬ್ರೇಕ್ ಹಿಡಿದರೆ ನಿಲ್ಲಬೇಕು, ಕಲ್ಲಿಗೆ ತಾಗಿದರೆ ಹರಿಯಬಾರದು. ಇವು ನಾಲ್ಕೂ ಒಂದೇ ಟೈರಿನಲ್ಲಿ ಸಿಗುವುದಿಲ್ಲ. ಗಿಡ್ಡ ಹಲ್ಲಿನದು ಬೇಗ ಓಡುತ್ತದೆ, ಕೆಸರಿನಲ್ಲಿ ಜಾರುತ್ತದೆ. ಉದ್ದ ಹಲ್ಲಿನದು ಕೆಸರಿಗೆ ಸರಿ, ಡಾಮರಿನ ಮೇಲೆ ಜೀರುಂಡೆಯ ಹಾಗೆ ಕೂಗುತ್ತದೆ. ಮೆತ್ತನೆ ರಬ್ಬರು ಕಲ್ಲನ್ನು ಕಚ್ಚಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯದು ಬಾಳುತ್ತದೆ, ಒದ್ದೆ ಕಲ್ಲಿನ ಮೇಲೆ ಕೈಕೊಡುತ್ತದೆ. ಇಂಚಿಗೆ 60 ನೂಲಿನ ಬಟ್ಟೆಯೋ 120 ನೂಲಿನದೋ ಎಂಬುದು ಬೇರೆಯೇ ಪ್ರಸಂಗ. 60ರದ್ದು ದಪ್ಪ ನೂಲು, ಪೆಟ್ಟು ತಾಳುತ್ತದೆ. 120ರದ್ದು ನಯ, ನೆಲಕ್ಕೆ ಒಗ್ಗಿಕೊಳ್ಳುತ್ತದೆ. ಈ ಮಾತು ಬಂದಾಗ ಮಾತ್ರ ಅಕ್ಕ ಕಿವಿಗೊಟ್ಟದ್ದುಂಟು. ಸೀರೆಯ ವಿಷಯ ಎಂದುಕೊಂಡಿದ್ದಳಂತೆ.

ಹೋದ ವಾರ ಅಗಲ ಟೈರಿನ ಪಕ್ಷದಲ್ಲಿ ಕರ್ಣನಾಗಿದ್ದವರು ಈ ವಾರ ಸಪೂರದ ಪಕ್ಷದಲ್ಲಿ ಅರ್ಜುನ. 2.4 ಇಂಚು ಎಂದು ನಾನು ತಲೆಯಾಡಿಸುವಷ್ಟರಲ್ಲಿ 2.25ಕ್ಕೆ ಬಂದಾಗಿರುತ್ತದೆ. ಮ್ಯಾಕ್ಸಿಸ್ ಮಿನಿಯನ್, ಆರ್ಡೆಂಟ್, ಶ್ವಾಲ್ಬೆಯ ನಾಬಿ ನಿಕ್ ಎಂದು ಸೋದರಮಾವಂದಿರ ಹೆಸರು ಹೇಳುವ ಸಲಿಗೆಯಲ್ಲಿ ಹೇಳುತ್ತಾರೆ. ನಮ್ಮೂರಿನ ಸಾವಿರ ಕಂಬದ ಬಸದಿಯ ಬಗ್ಗೆ ಒಂದು ಮಾತುಂಟಲ್ಲ, ಒಂದು ಕಂಬದ ಕೆತ್ತನೆಯಂತೆ ಇನ್ನೊಂದಿಲ್ಲ ಎಂದು. ಭಾವ ಅಲ್ಲಿಗೆ ಬಂದು, 1430ರ ಆ ಕಂಬಗಳನ್ನು ಒಂದೊಂದಾಗಿ ಸುತ್ತಿ, "ಟೈರಿನ ಹಲ್ಲೂ ಹೀಗೆಯೇ" ಎಂದು ನಿಟ್ಟುಸಿರು ಬಿಟ್ಟರು. ವೇಣೂರಿಗೆ ಕರೆದುಕೊಂಡು ಹೋದರೆ ಅಲ್ಲಿಯೂ ಅದೇ. 1604ರಲ್ಲಿ ನಿಂತ 35 ಅಡಿಯ ಗೊಮ್ಮಟನಿಗೆ ಕೈಮುಗಿದು, ಕಣ್ಣು ಬಿಟ್ಟು, ಮೆಲ್ಲಗೆ, "ಇದನ್ನು ಗಾಡಿಯಲ್ಲಿ ತಂದದ್ದಾದರೆ ಹಿಂದಿನ ಚಕ್ರ ಎಂಥದ್ದಿರಬಹುದು ಭಾವ?"

ಅವರ ದೊಡ್ಡ ದೂರು ಏನೆಂದರೆ ಟೈರು ಮಾಡುವವರು ಯಾರೂ ವಾಮದಪದವನ್ನು ಕಂಡವರಲ್ಲ. ಅದರಲ್ಲಿ ನ್ಯಾಯವಿದೆ. ಬೇಸಗೆಯಲ್ಲಿ ನಮ್ಮ ಪದವುಗಳ ಮೇಲೆ ಮುರಕಲ್ಲಿನ ಚೂರು ಗೋಲಿ ಚೆಲ್ಲಿದ ಹಾಗೆ ಬಿದ್ದಿರುತ್ತದೆ. ಜೂನ್ ಬಂತೆಂದರೆ ಅದೇ ಕಲ್ಲಿಗೆ ಪಾಚಿ. ಅದರ ಮೇಲೆ ಬರಿಗಾಲಲ್ಲಿ ಹುಟ್ಟಿ ಬೆಳೆದವರೇ ಕೂರುತ್ತಾರೆ, ಕೂರಬೇಕೆಂಬ ಇಚ್ಛೆ ಇಲ್ಲದಿದ್ದರೂ. ತೋಟಕ್ಕೆ ಇಳಿದರೆ ಕೊಳೆತ ಸೋಗೆ, ಅಡಿಕೆ ಸಿಪ್ಪೆ, ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕ. ಇಷ್ಟನ್ನೂ ಅರ್ಧ ಮೈಲಿಯೊಳಗೆ ತಾಳಿಕೊಳ್ಳುವ ಟೈರನ್ನು ಯಾವ ದೇಶದವನು ಮಾಡಬೇಕು?

ಈ ಆಟ ಹುಟ್ಟಿದ ಕಥೆಯನ್ನೂ ಅವರೇ ಹೇಳಿದ್ದು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ದಪ್ಪ ಟೈರಿನ ಹಳೇ ಗುಜರಿ ಸೈಕಲ್ಲುಗಳನ್ನು ಗುಡ್ಡದ ಮೇಲಿಂದ ಮಣ್ಣುದಾರಿಯಲ್ಲಿ ಬಿಡುತ್ತಿದ್ದರಂತೆ. ಇಳಿಯುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು, ಮತ್ತೆ ತುಂಬಬೇಕಿತ್ತು. 1976ರಲ್ಲಿ ಶುರುವಾದ ಅವರ ಪಂದ್ಯಕ್ಕೆ 'ರಿಪ್ಯಾಕ್' ಎಂದೇ ಹೆಸರು ಬಿತ್ತು. ಆ ಗುಂಪಿನಲ್ಲಿ ನಮ್ಮ ಭಾವನಂಥವರು ಒಬ್ಬರಿದ್ದಿದ್ದರೆ ಇವತ್ತಿಗೂ ಎಲ್ಲರೂ ಗುಡ್ಡದ ಮೇಲೆಯೇ ಕೂತಿರುತ್ತಿದ್ದರು ಎಂದುಕೊಂಡೆ. ಹೇಳಲಿಲ್ಲ. ಹೋಳಿಗೆಯ ಪ್ರಶ್ನೆ.

ಎರಡನೆಯ ವರ್ಷ ಸಂಶೋಧನೆ ಹೊರಗೆ ಹೊರಟಿತು. ಕೆಸರಿನಲ್ಲಿ ಹಿಂಗಾಲು ಹೇಗೆ ಕಚ್ಚುತ್ತದೆಂದು ನೋಡಲು ಮೂಡುಬಿದಿರೆಯ ಕಡಲಕೆರೆಯ ಕೋಟಿ-ಚೆನ್ನಯ ಕಂಬಳಕ್ಕೆ ಬಂದರು. ಇಡೀ ಊರು ಕೋಣದ ಮುಖ ನೋಡುತ್ತಿದ್ದರೆ ಇವರ ಕಣ್ಣು ಗೊರಸಿನ ಮೇಲೆ. ಗೊರಸಿನ ಸೀಳು ಕೆಸರನ್ನು ಹೇಗೆ ಬಿಟ್ಟುಕೊಡುತ್ತದೋ ಹಾಗೆ ಹಲ್ಲುಗಳ ನಡುವೆ ಜಾಗ ಇರುವ ಟೈರು ಮಣ್ಣನ್ನು ಉದುರಿಸುತ್ತದೆ ಎಂದು ಅಲ್ಲಿಯೇ ಸಿದ್ಧಾಂತವಾಯಿತು. ಕೋಣ ಓಡಿಸಿ ಬಂದು ಮೈಮೇಲೆ ನೀರು ಸುರಿದುಕೊಳ್ಳುತ್ತಿದ್ದ ಹುಡುಗನನ್ನು ತಡೆದು ನಿಲ್ಲಿಸಿ, ಗ್ರಿಪ್ಪಿನ ಗುಟ್ಟು ಎಂತದು ಎಂದು ಕೇಳಿದರು. ಅವನು ಮುಖ ಒರೆಸಿಕೊಂಡು, "ನಿಲ್ಲಬಾರದು ಸಾರ್. ನಿಂತ್ರೆ ಹುಗೀತದೆ" ಎಂದ. ಅದನ್ನು ಭಾವ ಬರೆದುಕೊಂಡರು, ಮನೆಗೆ ಬಂದು ಕೂತರು.

ನಮ್ಮ ತವರು ಬೆಳ್ತಂಗಡಿ ತಾಲೂಕಿನ ಮುಂಡಾಜೆ ಕಡೆ. ಅಪ್ಪನಿಗೆ ಸ್ವಲ್ಪ ಅಡಿಕೆ, ಸ್ವಲ್ಪ ರಬ್ಬರು. ಅಳಿಯಂದಿರು ಒಮ್ಮೆ ಅಲ್ಲಿಗೆ ಬರುವಾಗ ಕಿಸೆಯಲ್ಲಿ ಒಂದು ಪುಟ್ಟ ಬಾಟಲಿ ತಂದರು. ಟ್ಯೂಬಿಲ್ಲದ ಟೈರಿನೊಳಗೆ ಹೊಯ್ಯುವ ಬಿಳಿ ದ್ರವ. ಮುಳ್ಳು ಚುಚ್ಚಿದರೆ ತೂತಿಗೆ ಬಂದು ತಾನಾಗಿ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಫಾರಿನ್ನಿಂದ ತರಿಸಿದ್ದು, ಸಾವಿರದ ಮೇಲೆ ಚಿಲ್ಲರೆ. ಟೈರು ಇನ್ನೂ ಬಂದಿರಲಿಲ್ಲ, ಅದರೊಳಗೆ ಹೊಯ್ಯುವ ಮದ್ದು ಬಂದಿತ್ತು.

ಅಪ್ಪ ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ಬೆರಳಿಗೆ ಒಂದು ಹನಿ ಹಾಕಿಕೊಂಡು ಹೆಬ್ಬೆರಳಿನಿಂದ ಉಜ್ಜಿದರು. ಅದು ನೂಲು ಎಳೆಯಿತು.

"ಇದು ರಬ್ಬರ್ ಹಾಲಲ್ವಾ?"

"ಹೌದು ಮಾವ, ಲ್ಯಾಟೆಕ್ಸ್. ಆದರೆ ಪ್ರೊಸೆಸ್ ಮಾಡಿದ್ದು."

"ಅಮೋನಿಯಾ ಹಾಕಿದ್ದಾರೆ. ಹಾಲು ಹೆಪ್ಪಾಗದ ಹಾಗೆ ನಾವೂ ಹಾಕುವುದು ಅದನ್ನೇ." ಅಪ್ಪ ಅಂಗಳದಾಚೆ ಕೈ ತೋರಿಸಿದರು. ಗುಡ್ಡದಲ್ಲಿ ಸಾಲುಸಾಲು ಮರ, ಮರಮರಕ್ಕೂ ಚಿಪ್ಪು, ಚಿಪ್ಪುಚಿಪ್ಪಿಗೂ ಹನಿ. "ಬೆಳಗ್ಗೆ ಐದಕ್ಕೆ ಎದ್ದು ಬಂದಿದ್ರೆ ಒಂದು ಕೊಡಪಾನ ಕೊಡ್ತಿದ್ದೆ. ಮೂರರಲ್ಲಿ ಎರಡು ಪಾಲು ನೀರೇ. ಇವರು ಆ ನೀರಿಗೂ ಕ್ರಯ ಹಾಕಿದ್ದಾರಾ?"

ಭಾವ ಸೋಲಲಿಲ್ಲ. ಅರ್ಥಧಾರಿ ಸೋಲುವುದು ಭಾಗವತರು ಮುಂದಿನ ಪದ್ಯ ಎತ್ತಿದಾಗ ಮಾತ್ರ. ರಬ್ಬರಿನ ಬೀಜ ಬ್ರೆಜಿಲಿನಿಂದ ಲಂಡನ್ನಿನ ಕ್ಯೂ ತೋಟಕ್ಕೆ ಬಂದದ್ದು 1876ರಲ್ಲಿ, ಹೆನ್ರಿ ವಿಕಮ್ ಎಂಬವನು ತಂದದ್ದು ಎಂದು ಶುರು ಮಾಡಿದರು. ದಾರಿಯಲ್ಲಿ ಕಾಣುವ ಗಡಾಯಿಕಲ್ಲಿನ ಕೋಟೆಯ ಮೆಟ್ಟಿಲು ಊರವರ ಲೆಕ್ಕದಲ್ಲಿ ಎಷ್ಟು? ಅದೂ 1876. "ನೋಡಿ ಮಾವ!" ಎಂದರು. ಅಪ್ಪ ನೋಡಿದರು, ನನ್ನ ಮುಖವನ್ನು. ಟಿಪ್ಪು ಆ ಕೋಟೆ ಕಟ್ಟಿಸಿದ್ದು 1794ರಲ್ಲಿ, ಸೈಕಲ್ಲೇ ಇಲ್ಲದ ಕಾಲದಲ್ಲಿ ಎಂದು ನಾನು ಹೇಳಬಹುದಿತ್ತು. ಮಳೆ ಬಂತು, ಎಲ್ಲರೂ ರಬ್ಬರು ಶೀಟು ಒಳಗೆ ತರಲು ಓಡಿದೆವು.

ಕೊನೆಗೂ ಒಂದು ದಿನ ಟೈರು ಬಂತು. ಆಯುಧಪೂಜೆಯ ಮುನ್ನಾದಿನ. ಭಾವ ಪೆಟ್ಟಿಗೆ ಬಿಚ್ಚಿ, ಮೂಸಿ, ಉಗುರಿನಿಂದ ಒತ್ತಿ, ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟರು. ಹೇಳಿದ್ದಕ್ಕಿಂತ 24 ಗ್ರಾಂ ಹೆಚ್ಚು. ಆ 24 ಗ್ರಾಮಿನ ಬಗ್ಗೆ ನಾನು ಊಟ ಮುಗಿಸುವ ತನಕ ಮಾತು. ಮರುದಿನ ಅಕ್ಕ ಅದಕ್ಕೂ ಕುಂಕುಮ ಹಚ್ಚಿದಳು. ಚೀಟಿ ಕಿತ್ತಾಗಿತ್ತು, ಕುಂಕುಮ ಹತ್ತಿತ್ತು. ಇನ್ನು ವಾಪಸು ತೆಗೆದುಕೊಳ್ಳುವವರಿಲ್ಲ.

ಟೈರು ತೊಡಿಸಲು ಬಂಟ್ವಾಳ ಪೇಟೆಗೆ ಹೋದೆವು. ಅಲ್ಲೊಂದು ಹಳೇ ಸೈಕಲ್ ಅಂಗಡಿ. ನಡೆಸುವವರನ್ನು ಎಲ್ಲರೂ ಕಾಕಾ ಎನ್ನುವುದು. ಮೀನಿನ ಬುಟ್ಟಿ ಹೊತ್ತು ಹಳ್ಳಿ ತಿರುಗುವ ಸೈಕಲ್ಲುಗಳ ಹಿಂದಿನ ಚಕ್ರವನ್ನು ನಲವತ್ತು ವರ್ಷ ನೋಡಿದವರು. ಭಾವ ಬಾಯಿ ತೆರೆಯುವ ಮೊದಲೇ ಕಾಕಾ ಕೂತು, ಹಳೇ ಟೈರನ್ನು ಹೆಬ್ಬೆರಳಿನಿಂದ ಒತ್ತಿದರು.

"ಇದರಲ್ಲಿ ಗಾಳಿಯೇ ಇಲ್ಲ."

"ಮೂರು ವರ್ಷದಿಂದ ಬಿಟ್ಟಿಲ್ಲ ಕಾಕಾ."

"ಯಾಕೆ?"

"ಟೈರು ಸವೆದಿದೆಯಲ್ಲ."

ಕಾಕಾ ಚಕ್ರವನ್ನು ಒಂದು ಸುತ್ತು ತಿರುಗಿಸಿದರು. "ಇನ್ನೂ ಒಂದು ವರ್ಷ ಓಡ್ತದಲ್ಲ ಇಂಜಿನಿಯರ್ರೆ."

ಭಾವನ ಮುಖದಲ್ಲಿ ರಕ್ತ ಇರಲಿಲ್ಲ. ಅವರು ಚೇತರಿಸಿಕೊಂಡು, ಹಿಂದಿನ ಟೈರಿಗೆ ಮುಂದಿನದಕ್ಕಿಂತ ಎರಡು-ಮೂರು ಪಿ.ಎಸ್.ಐ. ಹೆಚ್ಚು ಬೇಕೆಂದು, ಅದು ಭಾರಕ್ಕೆ ಹೊಂದಿಕೊಂಡಿದೆ ಎಂದು ಹೇಳತೊಡಗಿದರು. ಕಾಕಾ ಪಂಪು ಒತ್ತುತ್ತಲೇ ಕೇಳಿದರು. ಆಮೇಲೆ 1974ರ ನೆರೆಯ ವಿಷಯ ತೆಗೆದರು. ನೇತ್ರಾವತಿ ಪೇಟೆಯೊಳಗೆ ಬಂದಾಗ ಅವರು ಹುಡುಗ, ಅಂಗಡಿ ಅವರ ಬಾಪನದ್ದು. "ಟೈರೆಲ್ಲ ಮುಳುಗಿತು. ಗಾಳಿ ಹಾಕಿಟ್ಟ ಟ್ಯೂಬು ಮಾತ್ರ ತೇಲಿಕೊಂಡು ಮಂಗಳೂರು ಕಡೆ ಹೋಯ್ತು. ಟೈರು ಯಾವುದಾದ್ರೆ ಎಂತ? ಗಾಳಿ ಸರಿ ಉಂಟಾ, ಅದು ಹೇಳಿ."

ಭಾವ ಹೊಸ ಟೈರನ್ನು ಚೀಲದಿಂದ ತೆಗೆದರು, ಮಗುವನ್ನು ತೊಟ್ಟಿಲಿನಿಂದ ತೆಗೆಯುವ ಹಾಗೆ. ಕಾಕಾ ಅದನ್ನು ರಿಮ್ಮಿನ ಮೇಲಿಟ್ಟರು. ಅಳತೆ ಟೇಪು ಮುಟ್ಟಲಿಲ್ಲ. ಟೈರು ದೊಡ್ಡಮ್ಮನ ಬಳೆ ಮಗುವಿನ ಕೈಯಲ್ಲಿ ನಿಂತಂತೆ ನಿಂತಿತು.

"ಇದು ದೊಡ್ಡ ಚಕ್ರದ್ದು."

ಭಾವನ ಸೈಕಲ್ಲಿನ ಚಕ್ರ ಇಪ್ಪತ್ತೇಳೂವರೆ ಇಂಚು. ತರಿಸಿದ್ದು ಇಪ್ಪತ್ತೊಂಬತ್ತರದ್ದು. ರಿಮ್ಮಿನ ಅಳತೆ ಒಂದಕ್ಕೆ 584 ಮಿಲಿಮೀಟರ್, ಇನ್ನೊಂದಕ್ಕೆ 622 ಎಂದು ನನಗೆ ಬಾಯಿಪಾಠ ಮಾಡಿಸಿದವರೇ ಅವರು. ಕಲ್ಲಿನ ದಾರಿಗೆ ದೊಡ್ಡ ಚಕ್ರವೇ ವಾಸಿ ಎಂಬ ನಿರ್ಧಾರಕ್ಕೆ ಎರಡನೇ ಮಳೆಗಾಲದಲ್ಲಿ ಬಂದಿದ್ದರು. ಅಲ್ಲಿಂದ ಮುಂದೆ ಅಧ್ಯಯನವೆಲ್ಲ ತಮ್ಮ ಹತ್ತಿರ ಇಲ್ಲದ ಸೈಕಲ್ಲಿಗೆ ನಡೆದಿತ್ತು.

ಕಾಕಾ ನಗಲಿಲ್ಲ. ಮುಂದಿನ ಟೈರನ್ನು ಬಿಚ್ಚಿ ಹಿಂದೆ ಹಾಕಿದರು, ಅಂಗಡಿಯಲ್ಲಿ ನೇತುಹಾಕಿದ್ದ ಲೋಕಲ್ ಬಟನ್ ಟೈರೊಂದನ್ನು ಇಳಿಸಿ ಮುಂದೆ ಹಾಕಿದರು. "ಹೊಸತು ಯಾವಾಗಲೂ ಮುಂದೆ. ಹಿಂದಿನದು ಜಾರಿದ್ರೆ ಸೊಂಟ ಆಡ್ತದೆ, ಮುಂದಿನದು ಜಾರಿದ್ರೆ ಹಲ್ಲು ಹೋಗ್ತದೆ." ಒಟ್ಟು ಇಪ್ಪತ್ತು ನಿಮಿಷ, ಆರುನೂರು ರೂಪಾಯಿ. ಭಾವ ಮನೆಯ ತನಕ ಮಾತಾಡಲಿಲ್ಲ. ಮೂರು ವರ್ಷದಲ್ಲಿ ಅಷ್ಟು ಹೊತ್ತು ನಾನು ಕೇಳಿದ ಮೌನ ಅದೊಂದೇ.

ಕಳೆದ ಭಾನುವಾರ ಹೋಗಿದ್ದೆ. ಸೈಕಲ್ಲು ಗೋಡೆಗೆ ಒರಗಿಯೇ ಇತ್ತು. ಅಕ್ಕನ ಮಗ, ಎಂಟು ವರ್ಷದವನು, ಇಪ್ಪತ್ತೊಂಬತ್ತರ ಟೈರನ್ನು ಪದವಿನ ಮೇಲಿಂದ ಕೋಲಿನಲ್ಲಿ ಹೊಡೆದುಕೊಂಡು ಬರುತ್ತಿದ್ದ. ತಿರುಗಬೇಕಾದ ದಿಕ್ಕಿಗೆ ಬದಿಯಲ್ಲಿ ಬಾಣದ ಗುರುತಿತ್ತು. ಅವನು ಉಲ್ಟಾ ಉರುಳಿಸುತ್ತಿದ್ದ. ಹನಿಮಳೆ. ಭಾವ ಅಂಗಳದ ತುದಿಯಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ನೋಡು ಭಾವ," ಎಂದರು, "ಪಾಚಿಯಲ್ಲಿ ಕೂಡ ಜಾರಲಿಲ್ಲ."