ಮದುಮಗನಿಲ್ಲದ ದಿಬ್ಬಣ

ಸುಳ್ಯ ತಾಲೂಕಿನ ಐವರ್ನಾಡಿನಂತಹ ಅಡಿಕೆ ತೋಟಗಳ ಊರಿನಲ್ಲಿ ಡೆಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆ ಇರುವ ಕಂಪ್ಯೂಟರಿಗೆ ಕನ್ನಡ ಅಕ್ಷರಗಳು ಬೇಕಾದಲ್ಲಿ ಪೇಟೆಗೆ ಹೋಗಬೇಕಾಗಿಲ್ಲ. ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ’ ಎಂದು ಆಜ್ಞೆ ಕೊಟ್ಟರೆ ಸಾಕು. ಸುಡೊ ಎಂದರೆ ಯಂತ್ರದ ಯಜಮಾನಿಕೆಯನ್ನು ತಾತ್ಕಾಲಿಕವಾಗಿ ಪಡೆಯುವ ಉಪಾಯ. ಅದು ಕೇಳುವ ಗುಪ್ತಪದವನ್ನು ಟೈಪಿಸುವಾಗ ಸಾಮಾನ್ಯವಾಗಿ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡದಿರುವುದರಿಂದ, ಕೀಲಿಮಣೆ ಕೆಟ್ಟಿತೆಂದು ಹೊಸಬರು ಅದನ್ನು ಕುಟ್ಟುವುದೂ ಉಂಟು.

ಆಪ್ಟ್ ಎಂಬುದು ದೂರದ ಭಂಡಾರದಿಂದ ತಂತ್ರಾಂಶದ ಪೊಟ್ಟಣಗಳನ್ನು ತರಿಸುವ ವ್ಯವಸ್ಥೆಯಾಗಿದ್ದು, 1999ರ ಡೆಬಿಯನ್ 2.1 ಆವೃತ್ತಿಯೊಂದಿಗೆ ಬಳಕೆಗೆ ಬಂದಿತು. ಒಂದು ಪೊಟ್ಟಣಕ್ಕೆ ಅಗತ್ಯವಾದ ಇತರ ಪೊಟ್ಟಣಗಳನ್ನು, ಅಂದರೆ ಅವಲಂಬನೆಗಳನ್ನು, ಅದು ದಿಬ್ಬಣದಂತೆ ಒಟ್ಟಿಗೇ ಕರೆತರುತ್ತದೆ. ತಮಾಷೆಯೆಂದರೆ ಮೇಲೆ ಹೇಳಿದ ಫಾಂಟ್ಸ್-ಕೆಎನ್‌ಡಿಎ ಬೇರೆ ಪೊಟ್ಟಣಗಳನ್ನು ಕರೆಸುವುದಕ್ಕಷ್ಟೇ ಇರುವ ಮೆಟಾ ಪೊಟ್ಟಣವಾದ್ದರಿಂದ ಅದರೊಳಗೆ ಒಂದು ಅಕ್ಷರವೂ ಇಲ್ಲ. ನವಿಲು, ಗುಬ್ಬಿ ಮೊದಲಾದ ಫಾಂಟುಗಳು ಬಂದಿಳಿದರೂ ಮದುಮಗನ ಪತ್ತೆಯಿರುವುದಿಲ್ಲ. ಬೇಡವಾದಾಗ ಆ ಪೊಟ್ಟಣವನ್ನು ತೆಗೆದು ‘ಆಟೊರಿಮೂವ್’ ಎಂದರೆ, ಯಾರಿಗೂ ಬೇಕಿಲ್ಲದೆ ಉಳಿದ ನೆಂಟರೆಲ್ಲ ಒಮ್ಮೆಗೇ ಎದ್ದು ಹೊರಡುತ್ತಾರೆ. ಮನುಷ್ಯರ ಮನೆಗಳಲ್ಲಿ ಈ ಸೌಲಭ್ಯ ಇನ್ನೂ ಬಂದಿಲ್ಲ.

ಮಳೆಗಾಲದಲ್ಲಿ ಅನುಸ್ಥಾಪನೆಯ ನಡುವೆ ಕರೆಂಟು ಹೋಗುವುದು ಈ ಸೀಮೆಯಲ್ಲಿ ಸಹಜವಾದ್ದರಿಂದ, ಅರ್ಧಕ್ಕೆ ನಿಂತದ್ದನ್ನು ಮುಗಿಸುವ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಎಂಬ ಆಜ್ಞೆಯನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಲೇಸು. ಉಳಿದಂತೆ ‘ಆಪ್ಟ್ ಮೂ’ ಎಂದರೆ ಪರದೆಯ ಮೇಲೆ ಅಕ್ಷರಗಳಲ್ಲೇ ಒಂದು ದನ ಮೂಡುತ್ತದೆ. ಹಾಲು ಮಾತ್ರ ಕೊಡುವುದಿಲ್ಲ.